ಬೇಳೆ ಗಿರಣಿಗೆ ಮೊದಲು ಅಂಗಳದ ಲೆಕ್ಕ

ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಜಹೀರಾಬಾದ, ನಾರಾಯಣಖೇಡದ ಕಡೆಯ ರೈತ ಬಾಂಧವರೂ ಹತ್ತು ಜನ ಕೂಡಿ ಬೇಳೆ ಗಿರಣಿ ಹೂಡುವುದಾದರೆ ಸಂತೋಷವೇ. ಆದರೆ ಯಂತ್ರದ ಬೆಲೆ ಕೇಳುವ ಮೊದಲು ನಾವು ಶಾಲೆಯಲ್ಲಿ ಕಲಿಸುವ ತ್ರೈರಾಶಿಯನ್ನು ಒಮ್ಮೆ ನೆನೆಯಬೇಕು.

ಗಂಟೆಗೆ 1 ಕ್ವಿಂಟಲ್ ಒಡೆಯುವ ಯಂತ್ರ ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ನಡೆದರೆ 200 ಕ್ವಿಂಟಲ್ ಬೇಡುತ್ತದೆ. ಫೆಬ್ರವರಿಯಿಂದ ಮೇವರೆಗೆ 800. ಎಕರೆಗೆ 4 ಕ್ವಿಂಟಲ್ ಹಿಡಿದರೆ 200 ಎಕರೆಯ ಬೆಳೆ. ತೊಗರಿ ಮನೆಗೆ ಬರುವುದು ಸಂಕ್ರಾಂತಿಯ ಆಸುಪಾಸಿನಲ್ಲಿ, ವರ್ಷಕ್ಕೊಮ್ಮೆ. ಆಗಲೇ ಚೆನ್ನಾಗಿ ಒಣಗಿಸಿ ಕೂಡಿಡಬೇಕು. ಅರ್ಧ ಕ್ವಿಂಟಲಿನ 1600 ಚೀಲಗಳಿಗೆ ಗೋದಾಮೂ ಬೇಕು, ರೊಕ್ಕವೂ ಬೇಕು.

ಇಷ್ಟನ್ನು ಅನೇಕರು ಎಣಿಸುತ್ತಾರೆ, ಮರೆಯುವುದು ಅಂಗಳವನ್ನು. ತೊಗರಿಯ ಸಿಪ್ಪೆ ಸುಮ್ಮನೆ ಬಿಡದು. ಕಾಳನ್ನು ಗೀರಿ, ತುಸು ಎಣ್ಣೆ ಸವರಿ, ಬಿಸಿಲಿಗೆ ಹರವಿ, ನೀರು ಚಿಮುಕಿಸಿ ರಾತ್ರಿ ರಾಶಿಮಾಡಿ, ಮತ್ತೆ ಒಣಗಿಸಿದ ಮೇಲೆಯೇ ಗಿರಣಿಗೆ ಹಾಕುವುದು. ಇದಕ್ಕೆ 3 ದಿನವಾದರೆ, ದಿನಕ್ಕೆ 8ರಂತೆ ಅಂಗಳದಲ್ಲಿ ಯಾವಾಗಲೂ 24 ಕ್ವಿಂಟಲ್ ಇರಬೇಕು. ನಿಮ್ಮ ಅಂಗಳ 12ನ್ನೇ ಹಿಡಿಸಿದರೆ ಗಿರಣಿಯ ಶಕ್ತಿ ದಿನಕ್ಕೆ 4 ಕ್ವಿಂಟಲ್ ಮಾತ್ರ, ಮೋಟಾರು ಎಷ್ಟೇ ದೊಡ್ಡದಿರಲಿ! ಸಾಲದ ಕಂತೇನೂ ಅರ್ಧವಾಗುವುದಿಲ್ಲ. ಇಂಥಲ್ಲಿ ಸಣ್ಣ ಯಂತ್ರ ಕೊಂಡು, ಉಳಿದ ಹಣದಿಂದ ಅಂಗಳಕ್ಕೆ ಗಚ್ಚು ಹಾಕಿಸುವುದೇ ಲೇಸು. ಮೃಗಶಿರಾ ಮಳೆ ಹಿಡಿದ ಮೇಲೆ ಬಿಸಿಲನ್ನು ನಂಬುವಂತಿಲ್ಲ.

ಕ್ವಿಂಟಲಿಗೆ ಬೇಳೆ 70 ಕಿಲೋ ಎಂದೇ ಹಿಡಿಯಿರಿ. ಹೊಟ್ಟು, ನುಚ್ಚು ದನಗಳಿಗಾಗುತ್ತದೆ. ಅದರ ಬೆಲೆಯನ್ನೂ ಜಮೆಗೆ ಬರೆಯಿರಿ.