ಸೀಮಂತದ ತಿಂಗಳಲ್ಲಿ ಮರೆಯಬಾರದ ಇಂಜೆಕ್ಷನ್

ಮಗಳೇ, ಆಶಾ ಕಾರ್ಯಕರ್ತೆ ಕೊಟ್ಟ ತಾಯಿ ಕಾರ್ಡ್ ಒಮ್ಮೆ ಬಿಚ್ಚಿ ರಕ್ತದ ಗುಂಪು ಬರೆದ ಜಾಗ ನೋಡು. ಎ, ಬಿ, ಓ ಯಾವುದೇ ಇರಲಿ, ಪಕ್ಕದಲ್ಲಿ ‘ನೆಗೆಟಿವ್’ ಎಂದಿದ್ದರೆ ಈ ನಾಲ್ಕು ಮಾತು ನಿನಗೆ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಐದು ಜನ ನೆಗೆಟಿವ್ ಇರುತ್ತಾರೆ.

ಮೊದಲು ಹೆದರಿಕೆ ಬಿಡು. ಇದು ಕಾಯಿಲೆಯಲ್ಲ, ನಿನ್ನ ದೋಷವೂ ಅಲ್ಲ. ಗಂಡ ಹೆಂಡತಿಯದು ಒಂದೇ ಗುಂಪಾದರೆ ಮಕ್ಕಳಿಗೆ ತೊಂದರೆ ಎನ್ನುವವರಿದ್ದಾರೆ, ಸೋದರಿಕೆಯ ಮದುವೆಯನ್ನು ದೂರುವವರೂ ಇದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನೀನು ನೆಗೆಟಿವ್ ಆಗಿದ್ದು, ಹೊಟ್ಟೆಯ ಕೂಸು ತಂದೆಯಂತೆ ಪಾಸಿಟಿವ್ ಆದಾಗ ಮಾತ್ರ ಎಚ್ಚರ ಬೇಕು. ಹೆರಿಗೆಯ ಹೊತ್ತಿಗೆ ಕೂಸಿನ ರಕ್ತ ಒಂದಿಷ್ಟು ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ಮೈ ಅದನ್ನು ಹೊರಗಿನದೆಂದು ತಿಳಿದು ಪ್ರತಿಕಾಯ ಬೆಳೆಸಿಕೊಳ್ಳುತ್ತದೆ. ಅಷ್ಟರಲ್ಲಿ ಆ ಕೂಸು ಹುಟ್ಟಿಯಾಗಿರುತ್ತದೆ, ಹಾಗಾಗಿ ಚೊಚ್ಚಲ ಮಗು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಪೆಟ್ಟು ಬೀಳುವುದು ಮುಂದಿನದಕ್ಕೆ. ಆ ಪ್ರತಿಕಾಯದಿಂದ ಹೊಟ್ಟೆಯಲ್ಲೇ ಕೂಸಿನ ರಕ್ತಕಣ ಒಡೆದು, ಮೈ ಬಾತು, ಕೆಲವು ಉಳಿಯುವುದೇ ಇಲ್ಲ. ಹುಟ್ಟಿದರೆ ಮೊದಲ ದಿನವೇ ಕಾಮಾಲೆ. ‘ಮೊದಲನೆಯದಕ್ಕೆ ಏನೂ ಆಗಲಿಲ್ಲವಲ್ಲ’ ಎಂಬ ಧೈರ್ಯವೇ ಇಲ್ಲಿ ಮೋಸ ಮಾಡುವುದು.

ಇದನ್ನು ತಡೆಯುವ ಆಂಟಿ-ಡಿ ಇಂಜೆಕ್ಷನ್ 1968ರಲ್ಲೇ ಬಳಕೆಗೆ ಬಂತು. ದಾನಿಗಳ ಪ್ಲಾಸ್ಮಾದಿಂದ ತೆಗೆಯುವ ಇಮ್ಯುನೊಗ್ಲೋಬ್ಯುಲಿನ್ ಅದು. ಅದಕ್ಕೆ ಬೇಕಾದ ಅಂಶ ರಕ್ತದಲ್ಲಿದ್ದ ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ 81ನೇ ವಯಸ್ಸಿನವರೆಗೆ 1,173 ಸಲ ದಾನ ಮಾಡಿದರು. ಕೂಸಿನ ರಕ್ತಕಣಗಳ ಗುರುತು ತಾಯಿಯ ಮೈಗೆ ಹತ್ತುವ ಮೊದಲೇ ಈ ಮದ್ದು ಅವುಗಳನ್ನು ತೆಗೆದುಬಿಡುತ್ತದೆ. ಏನೂ ಕೊಡದಿದ್ದರೆ ಪಾಸಿಟಿವ್ ಕೂಸು ಹೆತ್ತ ನೂರು ನೆಗೆಟಿವ್ ತಾಯಂದಿರಲ್ಲಿ ಸುಮಾರು 16 ಮಂದಿಗೆ ಪ್ರತಿಕಾಯ ಹುಟ್ಟಬಹುದು. ಹೆರಿಗೆಯಾದ ಮೇಲೆ ಮಾತ್ರ ಕೊಟ್ಟರೆ ಒಬ್ಬಿಬ್ಬರಿಗೆ. ಬಸುರಿನಲ್ಲೂ ಒಂದು ಡೋಸು ಕೊಟ್ಟರೆ ಅದೂ ಬಹಳ ಅಪರೂಪ.

ನಮ್ಮ ಕಡೆ ತಪ್ಪುವುದು ಈ ಬಸುರಿನ ಡೋಸೇ. ಅದನ್ನು ಕೊಡುವುದು 28ನೇ ವಾರಕ್ಕೆ, ಅಂದರೆ ಏಳನೇ ತಿಂಗಳಿಗೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಸೀಮಂತ ಮಾಡಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆತರುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಗಂಡನ ಮನೆ ಕಡೆಯ ಡಾಕ್ಟರು ತವರಲ್ಲಿ ಹಾಕಿಸುತ್ತಾರೆ ಎಂದುಕೊಳ್ಳುತ್ತಾರೆ, ತವರಿನ ಕಡೆಯವರು ಅಲ್ಲೇ ಆಗಿರಬೇಕು ಎಂದುಕೊಳ್ಳುತ್ತಾರೆ. ಆದ್ದರಿಂದ ಸೀಮಂತಕ್ಕೆ ದಿನ ಗೊತ್ತು ಮಾಡುವಾಗಲೇ ಇಂಜೆಕ್ಷನ್ನಿಗೂ ದಿನ ಗೊತ್ತು ಮಾಡಿಕೋ. ಹಾಕಿಸಿದ ತಾರೀಖನ್ನು ಕಾರ್ಡಿನಲ್ಲಿ ಬರೆಸಿಕೊಂಡೇ ತವರಿಗೆ ಹೊರಡು.

ಅದಕ್ಕೂ ಮುಂಚೆ ಐಸಿಟಿ ಎಂಬ ರಕ್ತಪರೀಕ್ಷೆ ಆಗಿರಬೇಕು. ಅದು ಪಾಸಿಟಿವ್ ಬಂದರೆ ಪ್ರತಿಕಾಯ ಆಗಲೇ ಹುಟ್ಟಿದೆ ಎಂದರ್ಥ. ಆಮೇಲೆ ಆಂಟಿ-ಡಿ ಕೊಡುವುದು ಕೊಳೆ ಹತ್ತಿದ ಅಡಿಕೆ ಗೊನೆಗೆ ಬೋರ್ಡೊ ಮದ್ದು ಹೊಡೆದಂತೆ. ಹಾಗಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ಹೋಗಿ ತಜ್ಞರ ನಿಗಾದಲ್ಲಿರಬೇಕು.

ಹೆರಿಗೆಯಾದ ಕೂಡಲೇ ಹೊಕ್ಕುಳಬಳ್ಳಿಯ ರಕ್ತದಿಂದ ಕೂಸಿನ ಗುಂಪು ನೋಡುತ್ತಾರೆ. ಪಾಸಿಟಿವ್ ಆದರೆ 72 ಗಂಟೆಯೊಳಗೆ ಇನ್ನೊಂದು ಡೋಸು. ಆ ರಿಪೋರ್ಟು ಕಣ್ಣಾರೆ ನೋಡದೆ ಡಿಸ್ಚಾರ್ಜ್ ಮಾಡಿಸಿಕೊಳ್ಳಬೇಡ. ಮನೆಗೆ ಹೋಗಿಬಿಟ್ಟರೆ ತಿರುಗಿ ಬರುವುದು ಕಷ್ಟ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಗೆ 2025ರ ಜುಲೈನಲ್ಲಿ ಸೇತುವೆಯೇನೋ ಆಯಿತು. ಆದರೆ ಜಡಿಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಮೂರು ದಿನ ಕಳೆಯುವುದು ಗೊತ್ತೇ ಆಗುವುದಿಲ್ಲ. ಅಕಸ್ಮಾತ್ ಗಡುವು ಮೀರಿದರೂ ಕೈಚೆಲ್ಲಬೇಡ, ಹತ್ತು ದಿನದೊಳಗೆ ಕೊಟ್ಟರೂ ಒಂದಿಷ್ಟು ಪ್ರಯೋಜನವಿದೆ. ಈ ಮದ್ದು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು, ಕರೆಂಟು ನೆಚ್ಚಲಾಗದ ಮನೆಯಲ್ಲಿ ತಂದಿಡುವಂಥದ್ದಲ್ಲ. ಆಸ್ಪತ್ರೆಯಲ್ಲಿ ದಾಸ್ತಾನಿದೆಯೇ ಎಂದು ಎಂಟನೇ ತಿಂಗಳಲ್ಲೇ ವಿಚಾರಿಸು.

ಇನ್ನೊಂದು ವಿಷಯ ಮುಚ್ಚಿಡಬೇಡ. ಹಿಂದೆ ಗರ್ಭ ಇಳಿದಿದ್ದರೆ, ತೆಗೆಸಿದ್ದರೆ, ಈಗ ನಡುವೆ ರಕ್ತ ಕಂಡರೆ, ಜಾರಿ ಬಿದ್ದು ಹೊಟ್ಟೆಗೆ ಪೆಟ್ಟಾದರೆ ಡಾಕ್ಟರಿಗೆ ಹೇಳಲೇಬೇಕು. ಆಗಲೂ ಕೂಸಿನ ರಕ್ತ ಬೆರೆಯಬಹುದು, ಆಗಲೂ ಇಂಜೆಕ್ಷನ್ ಬೇಕಾಗಬಹುದು. ಮನೆಯವರ ಎದುರು ಹೇಳಲು ಸಂಕೋಚವಾದರೆ ನರ್ಸಮ್ಮನ ಕಿವಿಯಲ್ಲಾದರೂ ಹೇಳು.

ಹುಟ್ಟಿದ 24 ಗಂಟೆಯೊಳಗೆ ಕೂಸಿನ ಮೈ ಹಳದಿಯಾದರೆ ನಾಟಿಮದ್ದು, ಎಳೆಬಿಸಿಲು ಎಂದು ಕಾಯಬಾರದು ಎಂದು ನಿನ್ನ ಅಮ್ಮನಿಗೂ ಅತ್ತೆಗೂ ಈಗಲೇ ಹೇಳಿಟ್ಟಿರು. ತಡವಾದರೆ ಮಿದುಳಿಗೇ ಪೆಟ್ಟು.

ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ಮುಂದಿನ 9ಕ್ಕೆ ಹೋದಾಗ ಮೂರೇ ಪ್ರಶ್ನೆ ಕೇಳು: ನನ್ನ ಐಸಿಟಿ ಆಯಿತೇ? ಆಂಟಿ-ಡಿ ಯಾವ ದಿನ? ಹೆರಿಗೆಗೆ ಇಲ್ಲಿ ಸಿಗುತ್ತದೆಯೇ? ಉತ್ತರ ಸಿಗುವವರೆಗೆ ಎದ್ದು ಬರಬೇಡ.