ಹಿಟ್ಟು ತಿಗಣೆಗಿಂತ ಮೊದಲು ಇರುವೆ ದಾರಿ ಕಡಿಯಿರಿ

ಔಷಧಿ ಹೊಡೆದು ಹೆಚ್ಚು ದಿನ ಆಗಿರುವುದಿಲ್ಲ, ದಾಳಿಂಬೆಯಲ್ಲಿ ಹಿಟ್ಟು ತಿಗಣೆ ಮತ್ತೆ ಬೆಳ್ಳಗೆ ಕೂತಿರುತ್ತದೆ. ಹಿರಿಯೂರು, ಹೊಸದುರ್ಗದ ಬೆಳೆಗಾರರಿಗೆ ಇದು ಹೊಸದಲ್ಲ. ಇನ್ನೊಂದು ಡಬ್ಬಿ ತರುವ ಮುಂಚೆ ಕಾಂಡ ನೋಡಿ. ಸಣ್ಣ ಕಪ್ಪಿರುವೆ ಸಾಲುಗಟ್ಟಿ ಹತ್ತಿಳಿಯುತ್ತಿದ್ದರೆ ಕೆಲಸ ಅಲ್ಲಿಂದ ಶುರುವಾಗಬೇಕು.

ಒಂದಕ್ಕೊಂದು ಅಂಟಿಕೊಂಡಿರುವ ಎರಡು ಕಾಯಿಗಳನ್ನು ಬಿಡಿಸಿ ನೋಡಿ. ಇರುವೆ ಮೀಸೆಯಿಂದ ತಿಗಣೆಯ ಬೆನ್ನು ತಟ್ಟುತ್ತದೆ, ತಿಗಣೆ ಸಿಹಿ ಅಂಟಿನ ಹನಿ ಬಿಡುತ್ತದೆ, ಇರುವೆ ಅದನ್ನು ಹೀರುತ್ತದೆ. ಕುರಿ ಕಾಯುವವನಂತೆ ಇರುವೆ ತನ್ನ ಹಿಂಡಿನ ಹತ್ತಿರ ಶತ್ರು ಹುಳುಗಳನ್ನು ಸುಳಿಯಗೊಡುವುದಿಲ್ಲ. ಉಳಿದ ಅಂಟಿನ ಮೇಲೆ ಕಾಡಿಗೆಯಂಥ ಬೂಷ್ಟು ಬೆಳೆದು ಕಾಯಿಯ ಬೆಲೆ ಬಿದ್ದುಹೋಗುತ್ತದೆ. ಇರುವೆ ಮುಟ್ಟಿದರೆ ಹೊಟ್ಟೆ ಮೇಲೆತ್ತಿ ನಿಲ್ಲುವ ಜಾತಿಯದಾದರೆ ಅದು ಕ್ರೆಮಟೊಗ್ಯಾಸ್ಟರ್. ಗೂಡು ಮರದಲ್ಲೇ ಇರಬಹುದು, ಒಣ ಟೊಂಗೆಗಳನ್ನೂ ಹುಡುಕಿ.

ಈ ಕುಲದ ಇರುವೆಗಳು ಆಫ್ರಿಕಾದ ಕೋಕೊ ತೋಟಗಳಲ್ಲೂ ಇವೆ, ಅಲ್ಲಿ ತಿಗಣೆಗಳ ಮೇಲೆ ಡೇರೆಯನ್ನೇ ಕಟ್ಟುತ್ತವೆ. ಘಾನಾದಲ್ಲಿ 1936ರಲ್ಲಿ ಗುರುತಿಸಿದ ಕೋಕೊ ಚಿಗುರು ಊತದ ನಂಜನ್ನು ಹರಡುವುದು ಹಿಟ್ಟು ತಿಗಣೆ. ಅದನ್ನು ತಡೆಯಲು ಕಡಿದ ಮರಗಳು 20 ಕೋಟಿಗೂ ಹೆಚ್ಚು. ನಮ್ಮ ಹೊಳಲ್ಕೆರೆ ಕಡೆ ಅಡಿಕೆ ನಡುವೆ ಕೋಕೊ ಇಟ್ಟವರಿಗೆ ಆ ನಂಜಿನ ಭಯ ಬೇಡ, ಆದರೆ ತಿಗಣೆ ಎಳೆ ಗಿಡದ ಸುಳಿಯನ್ನು ಸಾಯಿಸುತ್ತದೆ. ಕೋಕೊ ಹೂವಿಗೆ ಪರಾಗ ಒಯ್ಯುವುದು ಸೂಕ್ಷ್ಮ ನೊಣ. ಕಂಡಕಂಡಾಗ ವಿಷ ಹೊಡೆದರೆ ಕಾಯಿಯೇ ಕಟ್ಟುವುದಿಲ್ಲ.

ನೆಲಕ್ಕೆ ತಾಗುವ ರೆಂಬೆ, ಕಾಂಡಕ್ಕೆ ಒರಗಿದ ಕಳೆ, ಗಿಡದಿಂದ ಗಿಡಕ್ಕೆ ಹೆಣೆದುಕೊಂಡ ಟೊಂಗೆಗಳನ್ನು ಸವರಿ. ಕಾಂಡಕ್ಕೆ ನಾಲ್ಕು ಬೆರಳಗಲದ ಪ್ಲಾಸ್ಟಿಕ್ ಪಟ್ಟಿ ಬಿಗಿದು, ಅದರ ಮೇಲೆ ಗ್ರೀಸ್ ಹಚ್ಚಿ. ತೊಗಟೆಗೆ ನೇರ ಹಚ್ಚಬೇಡಿ. ದಾಳಿಂಬೆಗೆ ಹಲವು ಕಾಂಡ ಬಿಟ್ಟಿದ್ದರೆ ಪ್ರತಿಯೊಂದಕ್ಕೂ ಪಟ್ಟಿ ಬೇಕು. ಆಸರೆಯ ಕೋಲು, ಕೊಂಬೆ ಎತ್ತಿಕಟ್ಟಿದ ದಾರ, ಡ್ರಿಪ್ ಪೈಪು ಇವೂ ಇರುವೆಗೆ ಸೇತುವೆಯೇ. ಗಾಳಿ ಜೋರಿರುವ ನಮ್ಮ ಸೀಮೆಯಲ್ಲಿ ಗ್ರೀಸಿನ ಮೇಲೆ ಬೇಗ ಧೂಳು ಕೂರುತ್ತದೆ. ನೋಡಿಕೊಂಡು ಮತ್ತೆ ಹಚ್ಚಿ.

ಇರುವೆ ನಿಂತಮೇಲೆ ಕ್ರಿಪ್ಟೋಲೀಮಸ್ ಗುಲಗಂಜಿ ಹುಳು ಬಿಡಬಹುದು, ಗಿಡಕ್ಕೆ 10ರಂತೆ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ಬಂದ ಹುಳು ಇದು. ಇದರ ಮರಿಯನ್ನು ತಿಗಣೆಯೆಂದೇ ಎಣಿಸಿ ಎಷ್ಟೋ ಮಂದಿ ಹೊಸಕಿ ಹಾಕುತ್ತಾರೆ! ಅದೂ ಬಿಳಿ ಮೇಣದ ಎಳೆ ಹೊದ್ದಿರುತ್ತದೆ ನಿಜ, ಆದರೆ ತಿಗಣೆಗಿಂತ ದೊಡ್ಡದು, ಕಡ್ಡಿ ತಾಗಿಸಿದರೆ ಚುರುಕಾಗಿ ಓಡುತ್ತದೆ. ಹುಳು ಬಿಟ್ಟ ತೋಟಕ್ಕೆ ಕೀಟನಾಶಕ ಹೊಡೆಯಬೇಡಿ. ತಿಗಣೆ ತೀರ ಹೆಚ್ಚಿದ್ದರೆ ಹುಳು ಬಿಡುವ ಮುನ್ನವೇ ಮೀನೆಣ್ಣೆ ರಾಳದ ಸಾಬೂನನ್ನು ಲೀಟರಿಗೆ 25 ಗ್ರಾಂನಂತೆ ಕರಗಿಸಿ, ಕಾಯಿಯ ಸಂದುಗಳು ನೆನೆಯುವಂತೆ ಹೊಡೆಯಿರಿ.

ಯಾವ ತಿಗಣೆ, ಯಾವ ಇರುವೆ ಎಂಬ ಗೊಂದಲವಿದ್ದರೆ ಎರಡೂ ಇರುವ ರೆಂಬೆಯೊಂದನ್ನು ಕವರಿನಲ್ಲಿ ಕಟ್ಟಿಕೊಂಡು ಹಿರಿಯೂರು ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಫೋನಿನಲ್ಲಿ ವರ್ಣಿಸುವುದಕ್ಕಿಂತ ಅದೇ ವಾಸಿ.