ಬದುವಿನ ಹುಲಗಲ, ಬಜಿಯ ಎಣ್ಣೆ

ಜೈವಿಕ ಡೀಸೆಲ್ ಘಟಕ ಹಾಕಬೇಕೆಂದು ಓಡಾಡುತ್ತಿದ್ದೀರಿ, ಕೇಳಿ ಖುಷಿಯಾಯಿತು. ಆದರೆ ಯಂತ್ರದ ಬೆಲೆ ಕೇಳುವ ಮೊದಲು, ಎಣ್ಣೆ ಎಲ್ಲಿಂದ ತರುತ್ತೀರಿ ಹೇಳಿರಿ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾ ಎಂಬ ಎಣ್ಣೆಬೀಜದ ಗಿಡವನ್ನು ಎತ್ತಿ ಹಿಡಿದಾಗ, ಬರಡು ನೆಲದಲ್ಲೂ ಡೀಸೆಲ್ ಬೆಳೆಯುತ್ತದೆಂದು ಬಹಳ ಜನ ನಂಬಿದರು. ನೀರು, ಗೊಬ್ಬರ ಕಾಣದ ನೆಲದಲ್ಲಿ ಗಿಡವೇನೋ ಜೀವ ಹಿಡಿಯಿತು, ನೆಚ್ಚಿಕೊಳ್ಳುವಷ್ಟು ಕಾಯಿ ಬಿಡಲಿಲ್ಲ.

ಹೀಗಾಗಿ ಸವದತ್ತಿ, ರಾಮದುರ್ಗದ ಎರೆಹೊಲದ ಜೋಳ, ಕಡಲೆ ತೆಗೆದು ಎಣ್ಣೆಗಿಡ ಹಚ್ಚುವ ವಿಚಾರ ಬೇಡವೇ ಬೇಡ. ಹೊಲದ ಬದು, ಹಳ್ಳದ ದಂಡೆ, ರಸ್ತೆಯ ಮಗ್ಗುಲು ಇವೆಯಲ್ಲ, ಅಲ್ಲಿ ಹುಲಗಲ ಹಚ್ಚಿರಿ, ಅದೇ ತೆಂಕಣದವರ ಹೊಂಗೆ. ಅದರ ಬೇರಿನ ಗಂಟು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ. ಕಾಯಿ ಕಾಣಲು ಐದಾರು ವರ್ಷ ತಾಳಬೇಕು. ಗಾಣಕ್ಕೆ ನೂರು ಕಿಲೋ ಬೀಜ ಹಾಕಿದರೆ ಸುಮಾರು 25 ಕಿಲೋ ಎಣ್ಣೆ ಸಿಗುತ್ತದೆ. ಉಳಿದ ಹಿಂಡಿಯನ್ನು ಹೊಲಕ್ಕೆ ಹಾಕಿರಿ, ದನಕ್ಕೆ ಹಾಕಬೇಡಿರಿ. ಕಹಿಯಷ್ಟೇ ಅಲ್ಲ, ಅದರಲ್ಲಿ ವಿಷದ ಅಂಶವೂ ಇದೆ.

ಬೀಜ ಒಣಗಿಸುವುದರಲ್ಲೇ ಅರ್ಧ ಕೆಲಸವಿದೆ. ಹಸಿ ಬೀಜ ರಾಶಿ ಹಾಕಿದರೆ ಬೂಸ್ಟು ಹಿಡಿಯುತ್ತದೆ, ಎಣ್ಣೆಯ ಆಮ್ಲ ಏರುತ್ತದೆ. ಅಂಥ ಎಣ್ಣೆಗೆ ಮೆಥನಾಲ್, ಕಾಸ್ಟಿಕ್ ಸೋಡಾ ಬೆರೆಸಿ 60 ಡಿಗ್ರಿಯಲ್ಲಿ ಕಲಕಿದಾಗ ಕೈಗೆ ಬರುವುದು ಡೀಸೆಲ್ ಅಲ್ಲ, ಸಾಬೂನು. ಎಣ್ಣೆ ಶುದ್ಧವಿದ್ದರೆ ಗ್ಲಿಸರಿನ್ ತಾನಾಗಿ ತಳಕ್ಕಿಳಿದು, ಮೇಲೆ ತಿಳಿಯಾದ ಇಂಧನ ನಿಲ್ಲುತ್ತದೆ. ಇದನ್ನು ಅಡುಗೆಮನೆಯಲ್ಲಿ ಮಾಡಲು ಹೋಗಬೇಡಿ. ಮೆಥನಾಲ್ ಥಟ್ಟನೆ ಬೆಂಕಿ ಹಿಡಿಯುತ್ತದೆ, ಹೊಟ್ಟೆಗೆ ಹೋದರೆ ಕಣ್ಣು ಕಳೆಯುತ್ತದೆ. ಹಾಸನದ ಮಡೇನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಜೈವಿಕ ಇಂಧನ ಉದ್ಯಾನ ಕಟ್ಟಿದ್ದಾರೆ. ಖರ್ಚಾದರೂ ಸರಿ, ಹೋಗಿ ಕಣ್ಣಾರೆ ಕಲಿತು ಬನ್ನಿ.

ಗಿಡ ದೊಡ್ಡದಾಗುವ ತನಕ ಕೈಕಟ್ಟಿ ಕೂಡಬೇಕಿಲ್ಲ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಎಷ್ಟು ಬಜಿ ಬಾಣಲೆ ಉರಿಯುತ್ತವೆ, ನೋಡಿದ್ದೀರಿ. ಬೈಲಹೊಂಗಲ, ಕಿತ್ತೂರಿನ ಖಾನಾವಳಿ, ಬೇಕರಿಗಳಲ್ಲೂ ಕರಿದ ಎಣ್ಣೆ ಉಳಿಯುತ್ತದೆ, ಅದರಿಂದಲೂ ಡೀಸೆಲ್ ಆಗುತ್ತದೆ. ಮತ್ತೆ ಮತ್ತೆ ಕಾಯಿಸಿದಾಗ ಹೆಚ್ಚುವ ಪೋಲಾರ್ ಅಂಶ ನೂರಕ್ಕೆ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರಿಂದಲೇ ಇದೆ. ಆ ಎಣ್ಣೆ ಮತ್ತೆ ಬಡವರ ತಟ್ಟೆಗೆ ಬೀಳುವ ಬದಲು ನಿಮ್ಮ ಡಬ್ಬಿಗೆ ಬೀಳಲಿ. ಪುಕ್ಕಟೆ ಕೇಳದೆ ನ್ಯಾಯದ ಬೆಲೆ ಕೊಡಿರಿ.

ಬರುವ ಬೇಸಿಗೆಯಲ್ಲಿ ನಿಮ್ಮೂರ ಹುಲಗಲ ಮರಗಳ ಕಾಯಿ ಆರಿಸಿ, ಒಣಗಿಸಿ, ಗಾಣಕ್ಕೆ ಹಾಕಿಸಿ ತೂಗಿರಿ. ಆರಿಸಿದವರ ಕೂಲಿಯನ್ನೂ ಬರೆದಿಡಿರಿ. ಆ ವಹಿ ಹಿಡಿದುಕೊಂಡು ಬನ್ನಿ, ಯಂತ್ರದ ಸಾಲದ ಮಾತು ಆಮೇಲೆ ಆಡೋಣ.